ಮನೆಗೊಂದು ಕಂಪ್ಯೂಟರ್: ಈಗ ಯಾವುದು, ಆಮೇಲೆ ಯಾವುದು?

ಪಿ.ಯು.ಸಿ. ಫಲಿತಾಂಶ ಬಂದು ಕಾಲೇಜಿನ ಸೀಟು ಗಟ್ಟಿಯಾಗುವ ಹೊತ್ತಿಗೆ ಬೆಂಗಳೂರಿನ ಟೌನ್‌ಹಾಲ್ ಸಮೀಪದ ಎಸ್.ಪಿ. ರಸ್ತೆಯಲ್ಲಿ ಒಂದು ದೃಶ್ಯ ಸಾಮಾನ್ಯ. ಮುಂದೆ ಮಗ, ಹಿಂದೆ ಅಪ್ಪ. ಮಗನ ಕೈಯಲ್ಲಿ ಗೆಳೆಯರು ಹೇಳಿಕೊಟ್ಟ ಪಟ್ಟಿ, ಅಪ್ಪನ ಮುಖದಲ್ಲಿ ಅನುಮಾನ. ಅಂಗಡಿಯವರು ಅರ್ಧ ಹಾಳೆಯ ಮೇಲೆ ಸರಸರನೆ ಕೊಟೇಶನ್ ಬರೆದುಕೊಡುತ್ತಾರೆ. ಮೇಲಿನ ಸಾಲಿನಲ್ಲಿ ಪ್ರೊಸೆಸರ್, ಅದರ ಕೆಳಗೆ ಗ್ರಾಫಿಕ್ಸ್ ಕಾರ್ಡ್, ಹೀಗೆ ದೊಡ್ಡ ದೊಡ್ಡ ಹೆಸರುಗಳು. ಕಟ್ಟಕಡೆಯ ಸಾಲಿನಲ್ಲಿ ‘ಕ್ಯಾಬಿನೆಟ್ ವಿತ್ ಎಸ್.ಎಂ.ಪಿ.ಎಸ್.’ ಎಂದು ಎರಡು ವಸ್ತುಗಳಿಗೆ ಸೇರಿ ಒಂದೇ ಬೆಲೆ. ಆ ಕೊನೆಯ ಸಾಲಿನ ಬಗ್ಗೆ ಅಪ್ಪ ಕೇಳುವುದಿಲ್ಲ, ಮಗ ಕೇಳುವುದಿಲ್ಲ, ಅಂಗಡಿಯವರು ಹೇಳುವುದಿಲ್ಲ. ತೊಂದರೆ ಹುಟ್ಟುವುದು ಮಾತ್ರ ಹೆಚ್ಚಾಗಿ ಅಲ್ಲಿಂದಲೇ.

ಬಿಡಿಭಾಗ ಆರಿಸಿ ಕಂಪ್ಯೂಟರ್ ಜೋಡಿಸಿಕೊಳ್ಳುವುದು ಹೊಸ ಸಂಗತಿಯೇನಲ್ಲ. 1981ರಲ್ಲಿ ಐ.ಬಿ.ಎಂ. ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರೊಳಗಿನ ಪ್ರೊಸೆಸರ್ ಇಂಟೆಲ್ ಕಂಪನಿಯದು, ಡಾಸ್ ಮೈಕ್ರೋಸಾಫ್ಟ್‌ನದು. ಒಳಗಿನ ರಚನೆಯ ವಿವರಗಳನ್ನೂ ಐ.ಬಿ.ಎಂ. ಪ್ರಕಟಿಸಿದ್ದರಿಂದ ಅದಕ್ಕೆ ಹೊಂದುವ ಭಾಗಗಳನ್ನು ಯಾರು ಬೇಕಾದರೂ ತಯಾರಿಸುವಂತಾಯಿತು. ಮದರ್‌ಬೋರ್ಡಿನ ಸ್ಕ್ರೂ ತೂತು ಎಲ್ಲಿರಬೇಕು, ವಿದ್ಯುತ್ ತಂತಿಯ ತುದಿ ಹೇಗಿರಬೇಕು ಎಂಬುದಕ್ಕೆ ಇಂಟೆಲ್ 1995ರಲ್ಲಿ ರೂಪಿಸಿದ ಎ.ಟಿ.ಎಕ್ಸ್. ಎಂಬ ಅಳತೆ ಇಂದಿಗೂ ನಡೆಯುತ್ತಿದೆ. ಬೇರೆ ಬೇರೆ ದೇಶಗಳಲ್ಲಿ ತಯಾರಾದ ಭಾಗಗಳು ಒಂದೇ ಡಬ್ಬದೊಳಗೆ ಜಗಳವಿಲ್ಲದೆ ಸಂಸಾರ ಮಾಡುವುದು ಇಂಥ ಒಪ್ಪಂದಗಳಿಂದಲೇ.

ಆದರೆ ಒಂದಕ್ಕೊಂದು ಹೊಂದಿದರೆ ಸಾಲದು, ನಮ್ಮ ಕೈಚೀಲಕ್ಕೂ ಹೊಂದಬೇಕಷ್ಟೆ? ನಿಮ್ಮ ಬಳಿ ಐವತ್ತು ಸಾವಿರ ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಎಲ್ಲ ಭಾಗವೂ ಮೇಲ್ದರ್ಜೆಯದು ಬರಲಾರದು. ಎಲ್ಲಾದರೂ ಕೈ ಬಿಗಿಹಿಡಿಯಲೇಬೇಕು. ಎಲ್ಲಿ ಎಂಬುದೇ ಪ್ರಶ್ನೆ. ನನ್ನ ಲೆಕ್ಕ ಸರಳವಾದದ್ದು. ಎರಡು ವರ್ಷ ಬಿಟ್ಟು ಸುಲಭವಾಗಿ ಸೇರಿಸಬಹುದಾದ ಭಾಗದಲ್ಲಿ ಈಗ ಉಳಿಸಿ. ಬದಲಿಸಬೇಕೆಂದರೆ ಇಡೀ ಡಬ್ಬವನ್ನೇ ಬಿಚ್ಚಬೇಕಾದ ಭಾಗದಲ್ಲಿ ಉಳಿಸಲು ಹೋಗಬೇಡಿ.

ಏನು ಕೆಲಸಕ್ಕೆ?

ಅದಕ್ಕೂ ಮೊದಲು ಮನೆಯಲ್ಲೇ ತೀರ್ಮಾನವಾಗಬೇಕಾದ ಮಾತೊಂದಿದೆ. ವಿದ್ಯಾರ್ಥಿ ಹಾಸ್ಟೆಲ್‌ಗೆ ಹೋಗುವವನಾದರೆ ಡೆಸ್ಕ್‌ಟಾಪ್ ಮಾತನ್ನೇ ಬಿಟ್ಟು ಲ್ಯಾಪ್‌ಟಾಪ್ ಕೊಳ್ಳಿ. ಮನೆಯಲ್ಲೇ ಇದ್ದು ಓದುವವರಿಗೆ, ತಮ್ಮ ತಂಗಿಯರೂ ಬಳಸುವ ಮನೆಗೆ, ಡೆಸ್ಕ್‌ಟಾಪ್ ಲಾಭ. ಅದೇ ದುಡ್ಡಿಗೆ ದೊಡ್ಡ ತೆರೆ ಬರುತ್ತದೆ, ಕೆಟ್ಟದ್ದನ್ನು ಮಾತ್ರ ಬದಲಿಸಬಹುದು.

ಬಿ.ಕಾಂ. ಓದುವ ಹುಡುಗಿಗೆ ಟ್ಯಾಲಿ, ಎಕ್ಸೆಲ್ ನಡೆದರೆ ಸಾಕು. ಇಂದಿನ ಸಾಧಾರಣ ಪ್ರೊಸೆಸರಿಗೂ ಅದು ಹಗುರದ ಕೆಲಸ. ಸಿ, ಪೈಥಾನ್, ಜಾವಾ ಕಲಿಯುವವರಿಗೆ ಬೇಕಾದದ್ದು ಸಾಕಷ್ಟು ರ್‍ಯಾಮ್ ಮತ್ತು ವೇಗದ ಡಿಸ್ಕ್. ಸಿವಿಲ್, ಮೆಕ್ಯಾನಿಕಲ್ ವಿದ್ಯಾರ್ಥಿಗಳ ಆಟೋಕ್ಯಾಡ್‌ನಂಥ ತಂತ್ರಾಂಶಕ್ಕೆ ಹತ್ತಾರು ಕೋರ್‌ಗಳಿಗಿಂತ ಒಂದೊಂದು ಕೋರ್ ಚುರುಕಾಗಿರುವುದು ಮುಖ್ಯ. ಮೂರು ಆಯಾಮದ ದೊಡ್ಡ ವಿನ್ಯಾಸ, ವಿಡಿಯೋ ಸಂಕಲನ, ಕೃತಕ ಬುದ್ಧಿಮತ್ತೆಯ ಪ್ರಯೋಗ ಇವುಗಳಿಗೆ ಮಾತ್ರ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ‘ಕೋಡಿಂಗ್‌ಗೆ ಬೇಕೇಬೇಕು’ ಎಂದು ಮಗರಾಯ ಹೇಳುವ ಗ್ರಾಫಿಕ್ಸ್ ಕಾರ್ಡು ಯಾವುದಕ್ಕೆಂಬುದು ತಾಯಂದಿರಿಗೂ ಗೊತ್ತು. ಆಟವಾಡುವುದು ತಪ್ಪೇನಲ್ಲ. ಆದರೆ ಆಟಕ್ಕೆಂದು ಹೇಳಿಯೇ ಕೇಳಲಿ. ಆಗ ಅದಕ್ಕೆ ಹಣ ಇದೆಯೇ ಇಲ್ಲವೇ ಎಂದು ನೇರವಾಗಿ ಮಾತನಾಡಬಹುದು.

ಕೊನೆಯ ಸಾಲಿನ ಕಥೆ

ಈಗ ಎಸ್.ಎಂ.ಪಿ.ಎಸ್. ವಿಷಯಕ್ಕೆ ಬರೋಣ. ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಎಲ್ಲ ಭಾಗಗಳಿಗೂ ಹಂಚುವ ಪೆಟ್ಟಿಗೆ ಇದು. ಮನೆಯ ಅಡುಗೆಮನೆ ಇದ್ದಂತೆ. ಇಲ್ಲಿ ಕೆಟ್ಟರೆ ಎಲ್ಲರ ಹೊಟ್ಟೆಯೂ ಕೆಡುತ್ತದೆ. ಒಳ್ಳೆಯ ಪೆಟ್ಟಿಗೆಯಲ್ಲಿ ವೋಲ್ಟೇಜ್ ಏರಿದರೆ, ಶಾರ್ಟ್ ಆದರೆ ತಾನೇ ಕಣ್ಣು ಮುಚ್ಚಿ ಉಳಿದವರನ್ನು ಕಾಪಾಡುವ ಏರ್ಪಾಡು ಇರುತ್ತದೆ. ತೀರಾ ಅಗ್ಗದ್ದರಲ್ಲಿ ಮೊದಲು ಕೈಬಿಡುವುದು ಈ ಏರ್ಪಾಡನ್ನೇ.

ಇದನ್ನು ನಾನು ದುಡ್ಡು ಕೊಟ್ಟು ಕಲಿತವನು. ಕ್ಯಾಬಿನೆಟ್ ಜೊತೆ ಬಂದ ಪೆಟ್ಟಿಗೆಯನ್ನೇ ನಂಬಿದ್ದೆ. ಒಂದು ಮಳೆಗಾಲದ ಸಂಜೆ ಕರೆಂಟು ಮೂರು ಸಲ ಹೋಗಿ ಬಂದದ್ದೇ ತಡ, ಕೋಣೆಯಲ್ಲಿ ಸುಟ್ಟ ವಾಸನೆ. ಪೆಟ್ಟಿಗೆ ತಾನು ಹೋದದ್ದಲ್ಲದೆ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ವಾರಂಟಿ ಎಂದು ಅಂಗಡಿಯವರು ಬದಲಿಸಿಕೊಟ್ಟದ್ದು ಪೆಟ್ಟಿಗೆಯನ್ನು ಮಾತ್ರ. ಡಿಸ್ಕಿನಲ್ಲಿದ್ದ ಮದುವೆಯ ಫೋಟೋಗಳಿಗೆ ವಾರಂಟಿ ಎಲ್ಲಿಂದ ಬರಬೇಕು?

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಪೆಟ್ಟಿಗೆಯ ಮೈಮೇಲೆ ಅಂಟಿಸಿರುವ ಚೀಟಿ ನೋಡಿ. ಹೆಸರಿನಲ್ಲಿ 450 ವ್ಯಾಟ್ ಎಂದಿದ್ದರೂ 12 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂದು ಬರೆದಿದೆ ನೋಡಬೇಕು. 15 ಆಂಪಿಯರ್ ಎಂದಿದ್ದರೆ 12ನ್ನು 15ರಿಂದ ಗುಣಿಸಿ: 180 ವ್ಯಾಟ್. ಇಂದಿನ ಕಂಪ್ಯೂಟರಿನ ಹಸಿವಿನ ಬಹುಪಾಲು 12 ವೋಲ್ಟಿನದೇ ಆದ್ದರಿಂದ ಆ ಪೆಟ್ಟಿಗೆಯ ನಿಜವಾದ ಯೋಗ್ಯತೆ ಅಷ್ಟೇ. ಒಳ್ಳೆಯ ತಯಾರಿಕೆಯಲ್ಲಿ ಈ ಗುಣಲಬ್ಧ ಹೆಸರಿನ ವ್ಯಾಟಿಗೆ ಹತ್ತಿರ ಬರುತ್ತದೆ. ‘80 ಪ್ಲಸ್’ ಎಂಬ ಗುರುತು ವಿದ್ಯುತ್ತು ಎಷ್ಟು ಪೋಲಾಗುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಸುರಕ್ಷತೆಯನ್ನಲ್ಲ. ಆದರೂ ಆ ಗುರುತು ಇಲ್ಲದ್ದನ್ನು ಕೊಳ್ಳದಿರುವುದು ಜಾಣತನ. ಐದು ವರ್ಷ ವಾರಂಟಿ ಕೊಡುವ ತಯಾರಕರಿದ್ದಾರೆ. ತನ್ನ ಮಾಲಿನ ಮೇಲೆ ತನಗೇ ಎಷ್ಟು ನಂಬಿಕೆ ಇದೆಯೆಂಬುದು ಅದರಿಂದ ತಿಳಿಯುತ್ತದೆ.

ಎಷ್ಟು ವ್ಯಾಟಿನದು ಬೇಕು? ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಕಂಪ್ಯೂಟರಿಗೆ ನಿಜವಾದ 450 ವ್ಯಾಟ್ ಧಾರಾಳವಾಯಿತು. ಆಮೇಲೆ ಕಾರ್ಡ್ ಹಾಕುವ ಆಸೆಯಿದ್ದರೆ 550 ಇರಲಿ. 2023ರಲ್ಲಿ ಬಂದ ಆರ್.ಟಿ.ಎಕ್ಸ್. 4060 ಕಾರ್ಡಿಗೆ ಎನ್ವಿಡಿಯ ಕಂಪನಿ ಹೇಳಿದ್ದೂ ಅಷ್ಟನ್ನೇ. ಕೊಟೇಶನ್ ಬರೆಸುವಾಗ ಕ್ಯಾಬಿನೆಟ್ ಬೇರೆ, ಎಸ್.ಎಂ.ಪಿ.ಎಸ್. ಬೇರೆ ಸಾಲಿನಲ್ಲಿ, ಕಂಪನಿಯ ಹೆಸರು ಸಹಿತ ಬರೆಸಿ. ಕ್ಯಾಬಿನೆಟ್ಟಿನ ಬಣ್ಣದ ದೀಪಗಳನ್ನು ಬಿಟ್ಟುಕೊಟ್ಟರೆ ಉಳಿಯುವ ಹಣ ಇದಕ್ಕೆ ಬಹುಪಾಲು ಸಾಕಾಗುತ್ತದೆ.

ಬೋರ್ಡು, ಅದರ ಮೇಲಿನವರು

ಬದಲಿಸಲು ಇಡೀ ಡಬ್ಬ ಬಿಚ್ಚಬೇಕಾದ ಇನ್ನೊಂದು ಭಾಗ ಮದರ್‌ಬೋರ್ಡ್. ಪ್ರೊಸೆಸರ್ ಕೂರುವ ಸಾಕೆಟ್ ಯಾವುದು ಎಂಬುದೇ ಇಲ್ಲಿ ಮುಖ್ಯ. ಎ.ಎಂ.ಡಿ. ಕಂಪನಿಯ ಎ.ಎಂ.4 ಸಾಕೆಟ್ 2016ರಲ್ಲಿ ಬಂತು. ಆ ಕಾಲದ ಬೋರ್ಡು ಕೊಂಡ ಎಷ್ಟೋ ಮಂದಿ ಬಯಾಸ್ ನವೀಕರಿಸಿಕೊಂಡು 2020ರ ನಂತರದ ಪ್ರೊಸೆಸರನ್ನೂ ಅದರ ಮೇಲೇ ಕೂರಿಸಿದರು. ಇಂಟೆಲ್‌ನ ಎಲ್.ಜಿ.ಎ. 1700 ಸಾಕೆಟ್ 2021ರಿಂದ 2023ರವರೆಗೆ ಮೂರು ತಲೆಮಾರು ಕಂಡಿತು. 2024ರಲ್ಲಿ ಹೊಸ ಸಾಕೆಟ್ ಬಂದು ಅದರ ಮುಂದಿನ ದಾರಿ ಮುಚ್ಚಿತು. ಎ.ಎಂ.ಡಿ.ಯ ಎ.ಎಂ.5 ಸಾಕೆಟ್ 2022ರದು. ‘ಇದರ ಮೇಲೆ ಮುಂದಿನ ತಲೆಮಾರಿನ ಪ್ರೊಸೆಸರ್ ಕೂರುತ್ತದೆಯೇ?’ ಎಂಬ ಪ್ರಶ್ನೆಯನ್ನು ಅಂಗಡಿಯವರಿಗೆ ಕೇಳಿಯೇ ಕೇಳಿ. ರ್‍ಯಾಮ್ ಕೂರಿಸಲು ಕನಿಷ್ಠ ಎರಡು ಜಾಗ ಇರಬೇಕು, ಎಂ.2 ಡಿಸ್ಕಿಗೆ ಎರಡಿದ್ದರೆ ಒಳ್ಳೆಯದು. ಡಿ.ಡಿ.ಆರ್.4 ಬೋರ್ಡಿಗೆ ಡಿ.ಡಿ.ಆರ್.5 ರ್‍ಯಾಮ್ ಕೂರುವುದಿಲ್ಲ. ಸೀಳು ಇರುವ ಜಾಗವೇ ಬೇರೆ. ಒತ್ತಿ ಕೂರಿಸಿ ಮುರಿದವರೂ ಇದ್ದಾರೆ.

ರ್‍ಯಾಮ್ ಆಮೇಲೆ ಸೇರಿಸಬಹುದಾದ ಭಾಗ. 16 ಜಿ.ಬಿ. ಇದ್ದರೆ ವಿದ್ಯಾರ್ಥಿಗೆ ನೆಮ್ಮದಿ. ಹಣ ಸಾಲದಿದ್ದರೆ 8 ಜಿ.ಬಿ.ಯ ಒಂದು ಪಟ್ಟಿ ಹಾಕಿ ಇನ್ನೊಂದು ಜಾಗ ಖಾಲಿ ಬಿಡಿ. ಆದರೆ ಎರಡು ಮಾತು ನೆನಪಿರಲಿ. ಒಂದೇ ಬಗೆಯ ಎರಡು ಪಟ್ಟಿಗಳು ಜೊತೆಯಾಗಿ ಕೆಲಸ ಮಾಡಿದಾಗ ವೇಗ ಹೆಚ್ಚು. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ನಂಬಿದವರಿಗೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಇನ್ನೊಂದು, ರ್‍ಯಾಮ್ ಬೆಲೆ ಈರುಳ್ಳಿ ಬೆಲೆಯ ಹಾಗೆ. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಅದು ಹೇಗೆ ಜಿಗಿಯಿತೆಂದರೆ, ‘ಆಮೇಲೆ ನೋಡೋಣ’ ಎಂದಿದ್ದವರು ಕೈ ಕೈ ಹಿಸುಕಿಕೊಂಡರು. ನನ್ನ ಲೆಕ್ಕಾಚಾರಕ್ಕೂ ಇಂಥ ಏಟು ಬೀಳುವುದುಂಟು.

ಡಿಸ್ಕಿನ ವಿಷಯದಲ್ಲಿ ಹೆಚ್ಚು ಯೋಚನೆ ಬೇಡ, ಎಸ್.ಎಸ್.ಡಿ. ಇರಲೇಬೇಕು. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 200 ಎಂ.ಬಿ. ಓದಿದರೆ ಸಾಟಾ ಎಸ್.ಎಸ್.ಡಿ. 550ರ ಆಸುಪಾಸು, ಎನ್.ವಿ.ಎಂ.ಇ. ಬಗೆಯದು ಎರಡು-ಮೂರು ಸಾವಿರ ಮೀರುತ್ತದೆ. ಈಗ 500 ಜಿ.ಬಿ. ಸಾಕು, ಉಳಿದದ್ದು ಆಮೇಲೆ. 1 ಟಿ.ಬಿ. ಕೊಂಡವರು ಮನೆಗೆ ಬಂದು ನೋಡಿದರೆ ವಿಂಡೋಸ್ ತೋರಿಸುವುದು 931 ಜಿ.ಬಿ. ಮಾತ್ರ. ಅಂಗಡಿಯವರ ಮೇಲೆ ರೇಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಮಾಲು ಅಷ್ಟೇ ಇದೆ.

ಪ್ರೊಸೆಸರ್ ಕೊಳ್ಳುವಾಗ ಹೆಸರಿನ ಕೊನೆಯ ಅಕ್ಷರ ಓದಿ. ಇಂಟೆಲ್‌ನಲ್ಲಿ ‘ಎಫ್’ ಎಂದು ಮುಗಿದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ. ತುಸು ಅಗ್ಗ ಎಂದು ಅದನ್ನು ತಂದು, ಗ್ರಾಫಿಕ್ಸ್ ಕಾರ್ಡನ್ನೂ ಕೊಳ್ಳದೆ, ಕಪ್ಪು ತೆರೆಯ ಮುಂದೆ ಕುಳಿತವರುಂಟು. ಎ.ಎಂ.ಡಿ.ಯ ಎ.ಎಂ.4 ಕಾಲದ ರೈಜನ್‌ಗಳಲ್ಲಿ ತೆರೆಗೆ ಚಿತ್ರ ಬರಬೇಕಾದರೆ ಹೆಸರಿನಲ್ಲಿ ‘ಜಿ’ ಇರಬೇಕು. ಸೀಲ್ ಮಾಡಿದ ಬಾಕ್ಸಿನಲ್ಲಿ ಬರುವುದಕ್ಕೆ ಕಂಪನಿಯ ಮೂರು ವರ್ಷದ ವಾರಂಟಿ ಉಂಟು. ‘ಟ್ರೇ’ ಎಂದು ಬಿಡಿಯಾಗಿ ಕೊಡುವುದಕ್ಕೆ ಅಂಗಡಿಯವರ ಮಾತೇ ವಾರಂಟಿ. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಮೇಲ್ದರ್ಜೆಯ ಪ್ರೊಸೆಸರುಗಳು ಹೆಚ್ಚು ವೋಲ್ಟೇಜಿನಿಂದ ಹದಗೆಡುತ್ತಿದ್ದುದು 2024ರಲ್ಲಿ ಬಯಲಾಗಿ, ಕಂಪನಿ ತಂತ್ರಾಂಶದ ತಿದ್ದುಪಡಿ ಕೊಟ್ಟು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆ ಬಗೆಯದನ್ನು ಕೈಬದಲಾದ ಮಾಲಾಗಿ ಕೊಳ್ಳುವವರು ಯೋಚಿಸಬೇಕು.

ಗ್ರಾಫಿಕ್ಸ್ ಕಾರ್ಡನ್ನು ನಿಶ್ಚಿಂತೆಯಿಂದ ಮುಂದೂಡಬಹುದು. ಬೋರ್ಡಿನ ಮೇಲೆ ಅದರ ಜಾಗ ಇದ್ದೇ ಇರುತ್ತದೆ. ಮುಂದೆ ಎಂದಾದರೂ ಹಳೆಯ ಕಾರ್ಡು ಕೊಳ್ಳುವಿರಾದರೆ ಅದರ ಪೂರ್ವಾಶ್ರಮ ವಿಚಾರಿಸಿ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ನಾಣ್ಯದ ಗಣಿಗಾರಿಕೆ ನಿಂತಾಗ ಹಗಲುರಾತ್ರಿ ದುಡಿದು ಬಸವಳಿದ ಕಾರ್ಡುಗಳು ರಾಶಿರಾಶಿಯಾಗಿ ಮಾರುಕಟ್ಟೆಗೆ ಬಂದವು.

ಐವತ್ತು ಸಾವಿರ ಎಲ್ಲಿಂದ ತರೋಣ ಎನ್ನುವ ಮನೆಗಳೇ ಹೆಚ್ಚು. ಕಚೇರಿಗಳು ಬಿಟ್ಟುಕೊಟ್ಟ ಹಳೆಯ ಕಂಪ್ಯೂಟರುಗಳು ಅದರ ಸಣ್ಣ ಪಾಲಿಗೆ ಸಿಗುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕಾದರೆ ಇಂಟೆಲ್‌ನ 8ನೆಯ ತಲೆಮಾರು ಅಥವಾ ಅದರ ಮುಂದಿನದೇ ಆಗಬೇಕು. ಅದಕ್ಕಿಂತ ಹಳೆಯದಾದರೆ ಉಬುಂಟುವಿನಂಥ ಲಿನಕ್ಸ್ ಹಾಕಿಕೊಳ್ಳಿ. ಅದಕ್ಕೆ ಹಣವಿಲ್ಲ, ಪ್ರೋಗ್ರಾಮಿಂಗ್ ಕಲಿಯಲು ಏನೂ ಕೊರತೆಯಿಲ್ಲ, ಯೂನಿಕೋಡ್ ಕನ್ನಡವೂ ಚೆನ್ನಾಗಿ ಬರುತ್ತದೆ. ಹಳೆಯ ಯಂತ್ರಕ್ಕೆ ಹೊಸ ಎಸ್.ಎಸ್.ಡಿ. ಹಾಕಿದರೆ ಅದರ ಮುಪ್ಪು ಅರ್ಧ ಕಳೆಯುತ್ತದೆ.

ಮನೆಗೆ ತಂದ ಮೇಲೆ

ಪ್ಲಗ್ಗಿನ ಮೂರನೆಯ ತೂತಿನ ಕಡೆ ಗಮನವಿರಲಿ. ಹಳೆಯ ಮನೆಗಳಲ್ಲಿ ಅದಕ್ಕೆ ತಂತಿಯೇ ಇರುವುದಿಲ್ಲ. ಎಸ್.ಎಂ.ಪಿ.ಎಸ್. ಒಳಗಿನ ಫಿಲ್ಟರ್ ಸಣ್ಣ ಪ್ರಮಾಣದ ವಿದ್ಯುತ್ತನ್ನು ಅರ್ಥಿಂಗ್ ಕಡೆಗೆ ಬಿಡುತ್ತದೆ. ದಾರಿ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನ ಲೋಹದ ಮೈಯಲ್ಲೇ ನಿಂತು, ಮುಟ್ಟಿದರೆ ಜುಮ್ಮೆನ್ನಿಸುತ್ತದೆ. ಕಂಪ್ಯೂಟರ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತೊಯ್ಯುವ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ. 600 ವಿ.ಎ. ಎಂದು ಮಾರುವ ಯು.ಪಿ.ಎಸ್. ಸಾಮಾನ್ಯವಾಗಿ 360 ವ್ಯಾಟಿನದು. ಬರೆದದ್ದನ್ನು ಉಳಿಸಿ ಸರಿಯಾಗಿ ಮುಚ್ಚಲು ಬೇಕಾದ ಕೆಲವು ನಿಮಿಷ ಅದರಿಂದ ಸಿಗುತ್ತದೆ. ಲೇಸರ್ ಪ್ರಿಂಟರನ್ನು ಅದಕ್ಕೆ ಸಿಕ್ಕಿಸಬೇಡಿ.

ಜೋಡಣೆಯನ್ನು ಮಗನೋ ಮಗಳೋ ತಾವೇ ಮಾಡುತ್ತೇವೆ ಎಂದರೆ ಬಿಡಿ, ಒಂದು ಮಧ್ಯಾಹ್ನದ ಕೆಲಸ. ಬೋರ್ಡಿನ ಕೆಳಗೆ ಹಿತ್ತಾಳೆಯ ಪುಟ್ಟ ಕಾಲುಗಳನ್ನು ಹಾಕಲು, ಕೂಲರಿನ ತಳದಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಅದನ್ನು ಕೀಳಲು ಮರೆಯದಿದ್ದರೆ ಆಯಿತು. ಬಿಲ್ ಬೇಡವೆಂದರೆ 18 ಶೇಕಡ ತೆರಿಗೆ ಉಳಿಯುತ್ತದೆ ಎಂಬ ಆಮಿಷಕ್ಕೆ ಬೀಳಬೇಡಿ. ಬಿಲ್ಲಿನ ಮೇಲೆ ಪ್ರತಿ ಭಾಗದ ಸೀರಿಯಲ್ ನಂಬರ್ ಇರಲಿ. ಖಾಲಿ ಡಬ್ಬಿಗಳು ಮನೆಗೆ ಕಸವೆಂದು ಅಮ್ಮನಿಗೆ ಕಂಡೀತು. ವಾರಂಟಿ ಮುಗಿಯುವ ತನಕ ಅವು ಅಟ್ಟದ ಮೇಲೇ ಇರಲಿ, ಗುಜರಿಯವನಿಗೆ ಹಾಕುವುದು ಬೇಡ.