ಪೇಸ್‌ಮೇಕರ್ ಇದ್ದವರಿಗೆ ಅಬ್ಲೇಷನ್: ಭಯ ಬೇಡ, ಎಚ್ಚರ ಇರಲಿ

ಕೆಲವು ತಿಂಗಳ ಹಿಂದೆ ಯುವಕನೊಬ್ಬ ತನ್ನ ಉಮ್ಮನನ್ನು ನನ್ನ ಕ್ಲಿನಿಕ್‌ಗೆ ಕರೆತಂದಿದ್ದ. ಮೂರು ವರ್ಷಗಳ ಹಿಂದೆ ಅವರಿಗೆ ಪೇಸ್‌ಮೇಕರ್ ಅಳವಡಿಸಲಾಗಿತ್ತು. ಈಗ ಮತ್ತೆ ಎದೆ ಡವಡವ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೃದ್ರೋಗ ತಜ್ಞರು ಅಬ್ಲೇಷನ್ ಮಾಡಿಸಬೇಕು ಎಂದಿದ್ದರು. "ಡಾಕ್ಟ್ರೇ, ಹೃದಯದೊಳಗೆ ಕರೆಂಟ್ ಕೊಟ್ಟು ಸುಡುತ್ತಾರಂತೆ. ಮೆಷಿನ್ ಕೆಟ್ಟುಹೋದರೆ ಉಮ್ಮನ ಗತಿಯೇನು? ನಿಮ್ಮ ಯುನಾನಿಯಲ್ಲೇ ಏನಾದರೂ ಮದ್ದು ಕೊಡಿ" ಎಂದು ಅವನು ಕೇಳಿಕೊಂಡ.

ನಾನು ಅವರ ನಬ್ಝ್ ಹಿಡಿದು ನೋಡಿದೆ. ಬಡಿತ ವೇಗವಾಗಿತ್ತು, ಅದಕ್ಕೊಂದು ಲಯವೂ ಇರಲಿಲ್ಲ. ನಾಡಿ ನೋಡಿ ಹೃದಯದ ಸ್ಥಿತಿ ಊಹಿಸುವುದನ್ನು ಯುನಾನಿ ನಮಗೆ ಕಲಿಸಿದೆ. ಆದರೆ ಇಂಥ ಲಯ ತಪ್ಪಿದ ಬಡಿತವನ್ನು ಖಮೀರದಿಂದ ಸರಿಪಡಿಸುತ್ತೇನೆಂದು ಹೇಳಿದರೆ ಅದು ರೋಗಿಗೆ ಮಾಡುವ ಮೋಸ. ಹಾಗಾಗಿ ಮದ್ದು ಕೊಡುವ ಬದಲು ಅವನ ಪ್ರಶ್ನೆಗೆ ಉತ್ತರ ಕೊಟ್ಟೆ. ಅದೇ ಭಯ ನಿಮ್ಮ ಮನೆಯಲ್ಲೂ ಇರಬಹುದು.

ಪೇಸ್‌ಮೇಕರ್ ಇದ್ದೂ ಬಡಿತ ಹೆಚ್ಚುವುದೇಕೆ?

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ಬಡಿತ ತೀರಾ ಇಳಿದಾಗ ಪೇಸ್‌ಮೇಕರ್ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಅದನ್ನು ಮೇಲೆತ್ತುತ್ತದೆ. ಏರಿದ ಬಡಿತವನ್ನು ಇಳಿಸುವುದು ಸಾಮಾನ್ಯ ಪೇಸ್‌ಮೇಕರ್‌ನ ಕೆಲಸವಲ್ಲ. ಮಲಗಿದ ಎತ್ತನ್ನು ಅದು ಎಬ್ಬಿಸೀತು, ಓಡುವ ಎತ್ತಿಗೆ ಮೂಗುದಾರ ಹಾಕಲಾರದು. ಒಬ್ಬರಲ್ಲೇ ಬಡಿತ ಕೆಲವೊಮ್ಮೆ ನಿಧಾನವಾಗಿ, ಕೆಲವೊಮ್ಮೆ ಅತಿ ವೇಗವಾಗಿ ಸಾಗುವ ಕಾಯಿಲೆಯೂ ಇದೆ. ಅಂಥವರಿಗೆ ಪೇಸ್‌ಮೇಕರ್ ಜೊತೆಗೆ ಮಾತ್ರೆ ಅಥವಾ ಅಬ್ಲೇಷನ್ ಬೇಕಾಗಬಹುದು.

ಅಬ್ಲೇಷನ್‌ನಲ್ಲಿ ಸಾಮಾನ್ಯವಾಗಿ ತೊಡೆಸಂದಿನ ರಕ್ತನಾಳದ ಮೂಲಕ ತೆಳುವಾದ ಕ್ಯಾತಿಟರ್‌ಗಳನ್ನು ಹೃದಯದವರೆಗೆ ಕಳಿಸುತ್ತಾರೆ. ತಪ್ಪು ಮಿಡಿತ ಹುಟ್ಟಿಸುವ ಅಥವಾ ಹರಡುವ ಸಣ್ಣ ಜಾಗವನ್ನು ಗುರುತಿಸಿ ರೇಡಿಯೋ ತರಂಗದ ಬಿಸಿಯಿಂದಲೋ ತೀವ್ರ ತಂಪಿನಿಂದಲೋ ನಿಷ್ಕ್ರಿಯಗೊಳಿಸುತ್ತಾರೆ. ಎದೆ ಸೀಳುವ ಆಪರೇಷನ್ ಇದಲ್ಲ.

ಅಪಾಯ ಎಲ್ಲಿದೆ?

ಆ ಯುವಕನ ಭಯ ಸುಳ್ಳಲ್ಲ. ಪೇಸ್‌ಮೇಕರ್ ಹೃದಯದ ಸ್ವಂತ ಮಿಡಿತಕ್ಕೆ ಸದಾ ಕಿವಿಗೊಟ್ಟಿರುತ್ತದೆ. ಅಬ್ಲೇಷನ್‌ನ ರೇಡಿಯೋ ತರಂಗವನ್ನು ಅದು ಹೃದಯದ ಬಡಿತವೆಂದು ತಪ್ಪಾಗಿ ತಿಳಿದು ತನ್ನ ಮಿಡಿತವನ್ನು ನಿಲ್ಲಿಸಬಹುದು. ಪೇಸ್‌ಮೇಕರನ್ನೇ ಪೂರ್ತಿ ನೆಚ್ಚಿಕೊಂಡ ಹೃದಯಕ್ಕೆ ಆ ಕ್ಷಣ ಅಪಾಯಕಾರಿ. ಶಾಕ್ ಕೊಡುವ ಐಸಿಡಿ ಸಾಧನವಾದರೆ ಬೇಡದ ಶಾಕ್ ಕೊಡಬಹುದು. ಇನ್ನೊಂದು ಅಪಾಯ ತಂತಿಯದು. ಹೊಸದಾಗಿ ಹಾಕಿದ ತಂತಿ ಹೃದಯದ ಗೋಡೆಗೆ ಗಟ್ಟಿಯಾಗಿ ಅಂಟಿಕೊಳ್ಳಲು ಕೆಲವು ವಾರಗಳು ಬೇಕು. ಅಷ್ಟರೊಳಗೆ ಕ್ಯಾತಿಟರ್ ತಾಗಿದರೆ ಅದು ಜಾಗ ಬಿಟ್ಟು ಸರಿಯಬಹುದು.

ಈ ಅಪಾಯಗಳು ವೈದ್ಯರಿಗೆ ಮೊದಲೇ ಗೊತ್ತಿರುವುದರಿಂದಲೇ ತಡೆಯೂ ಸಾಧ್ಯ. ಚಿಕಿತ್ಸೆಗೆ ಮೊದಲು ಪ್ರೋಗ್ರಾಮರ್ ಎಂಬ ಯಂತ್ರದಿಂದ ಪೇಸ್‌ಮೇಕರ್‌ನ ಬ್ಯಾಟರಿ, ತಂತಿ, ಸೆಟ್ಟಿಂಗ್ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಅಗತ್ಯವಿದ್ದರೆ ಹೊರಗಿನ ಸದ್ದಿಗೆ ಕಿವಿಗೊಡದೆ ನಿಗದಿತ ವೇಗದಲ್ಲಿ ಮಿಡಿಯುವಂತೆ ಅದನ್ನು ಬದಲಿಸುತ್ತಾರೆ. ಐಸಿಡಿಯ ಶಾಕನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಹೊರಗಿನಿಂದ ಶಾಕ್ ಕೊಡುವ ಯಂತ್ರವನ್ನು ಸಿದ್ಧವಿಟ್ಟಿರುತ್ತಾರೆ. ತಾತ್ಕಾಲಿಕ ಪೇಸಿಂಗ್ ವ್ಯವಸ್ಥೆಯೂ ಕೈಗೆಟಕುವಂತಿರುತ್ತದೆ. ಮುಗಿದ ಮೇಲೆ ಸಾಧನವನ್ನು ಮತ್ತೆ ಪರೀಕ್ಷಿಸಿ ಹಳೆಯ ಸೆಟ್ಟಿಂಗ್‌ಗೆ ತರಬೇಕು. ಈ ಕೊನೆಯ ಹೆಜ್ಜೆ ಮರೆತುಹೋಗಬಾರದು. ಇಷ್ಟು ಪಾಲಿಸಿದರೆ ಪೇಸ್‌ಮೇಕರ್ ಇದೆ ಎಂಬ ಒಂದೇ ಕಾರಣಕ್ಕೆ ಅಬ್ಲೇಷನ್ ಬೇಡವೆನ್ನಬೇಕಾಗಿಲ್ಲ.

ಪೇಸ್‌ಮೇಕರ್ ಕೆಟ್ಟರೆ ಬದುಕೇ ಮುಗಿಯಿತು ಎಂದೂ ಅಲ್ಲ. 1958ರಲ್ಲಿ ಸ್ವೀಡನ್‌ನ ಆರ್ನೆ ಲಾರ್ಸನ್ ಅವರ ದೇಹದೊಳಗೆ ಜಗತ್ತಿನ ಮೊದಲ ಪೇಸ್‌ಮೇಕರ್ ಅಳವಡಿಸಿದಾಗ ಅದು ಕೆಲವೇ ಗಂಟೆ ಕೆಲಸ ಮಾಡಿತು. ಮುಂದೆ ಇಪ್ಪತ್ತಕ್ಕೂ ಹೆಚ್ಚು ಸಾಧನಗಳನ್ನು ಬದಲಿಸಿಕೊಂಡ ಅವರು 2001ರವರೆಗೆ ಬದುಕಿದ್ದರು.

ಒಪ್ಪಿಗೆ ಕೊಡುವ ಮುನ್ನ ಕೇಳಿ

ಎರಡು ಬಗೆಯ ಅಬ್ಲೇಷನ್‌ಗಳ ವ್ಯತ್ಯಾಸ ತಿಳಿದಿರಲಿ. ಒಂದರಲ್ಲಿ ತಪ್ಪು ಮಿಡಿತದ ಮೂಲವನ್ನು ಮಾತ್ರ ತಡೆಯುತ್ತಾರೆ. ಇನ್ನೊಂದರಲ್ಲಿ ಹೃದಯದ ಮೇಲಿನ ಕೋಣೆಗಳಿಂದ ಕೆಳಕೋಣೆಗಳಿಗೆ ಮಿಡಿತ ದಾಟಿಸುವ ಎವಿ ನೋಡ್ ಎಂಬ ಕೊಂಡಿಯನ್ನೇ ಕಡಿಯುತ್ತಾರೆ. ಎರಡನೆಯದಾದ ಮೇಲೆ ರೋಗಿ ಜೀವನವಿಡೀ ಪೇಸ್‌ಮೇಕರನ್ನು ಅವಲಂಬಿಸಬೇಕಾಗುತ್ತದೆ. ನಿಮ್ಮವರಿಗೆ ಯಾವುದನ್ನು ಮಾಡುತ್ತಾರೆ, ಅವರ ಹೃದಯ ಪೇಸ್‌ಮೇಕರನ್ನು ಎಷ್ಟು ಅವಲಂಬಿಸಿದೆ, ಚಿಕಿತ್ಸೆಗೆ ಮೊದಲು ಮತ್ತು ನಂತರ ಸಾಧನವನ್ನು ಯಾರು ಪರೀಕ್ಷಿಸುತ್ತಾರೆ ಎಂದು ಸಂಕೋಚವಿಲ್ಲದೆ ಕೇಳಿ. ಪೇಸ್‌ಮೇಕರ್‌ನ ಕಾರ್ಡನ್ನು ತಪ್ಪದೆ ಜೊತೆಗೊಯ್ಯಿರಿ. ಸಾಧನದ ಕಂಪೆನಿ, ಮಾದರಿ, ಹಾಕಿದ ದಿನಾಂಕ ಅದರಲ್ಲಿರುತ್ತವೆ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬೇಡಿ, ಹೇಳದೆ ಹೆಚ್ಚಿಸಲೂ ಬೇಡಿ. ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಮಜೂನ್, ಖಮೀರ ಸೇವಿಸುತ್ತಿದ್ದರೆ, ಕಲೋಂಜಿ ಎಣ್ಣೆ ಅಥವಾ ಬೆಳ್ಳುಳ್ಳಿಯನ್ನು ಮದ್ದಿನಂತೆ ದಿನವೂ ತೆಗೆದುಕೊಳ್ಳುತ್ತಿದ್ದರೆ ಹೃದ್ರೋಗ ತಜ್ಞರಿಂದ ಮುಚ್ಚಿಡಬೇಡಿ. ಕೆಲವು ಗಿಡಮೂಲಿಕೆಗಳು ಆ ಮಾತ್ರೆಗಳ ಪರಿಣಾಮವನ್ನು ಬದಲಿಸಿ ರಕ್ತಸ್ರಾವಕ್ಕೆ ಕಾರಣವಾಗಬಹುದು.

ಮನೆಗೆ ಬಂದ ಮೇಲೆ

ತೊಡೆಸಂದಿನ ಗಾಯ ಮಾಗುವವರೆಗೆ ಭಾರ ಎತ್ತುವುದು, ಕುಕ್ಕುರುಗಾಲಲ್ಲಿ ಕೂರುವುದು ಬೇಡ. ವೈದ್ಯರು ಅನುಮತಿಸುವವರೆಗೆ ಕುರ್ಚಿಯಲ್ಲಿ ಕುಳಿತು ನಮಾಝ್ ನಿರ್ವಹಿಸಿ. ರೋಗಿಗೆ ದೀನ್ ಈ ರಿಯಾಯಿತಿ ಕೊಟ್ಟಿರುವಾಗ ಹಟ ಹಿಡಿದು ರುಕೂ, ಸುಜೂದ್ ಮಾಡಿ ಗಾಯದಿಂದ ರಕ್ತ ಬರಿಸಿಕೊಳ್ಳುವುದು ಸರಿಯಲ್ಲ. ರಮಝಾನ್ ಉಪವಾಸದ ಸಮಯದಲ್ಲಾದರೆ ಮಾತ್ರೆಯ ಹೊತ್ತನ್ನು ನೀವೇ ಬದಲಿಸದೆ ವೈದ್ಯರನ್ನು ಕೇಳಿ.

ಗಾಯದಿಂದ ರಕ್ತ ನಿಲ್ಲದಿದ್ದರೆ ಅಥವಾ ಬಾವು ಹೆಚ್ಚುತ್ತಿದ್ದರೆ, ಎದೆನೋವು, ಉಸಿರಾಟದ ತೊಂದರೆ, ತಲೆಸುತ್ತಿ ಬೀಳುವುದು, ಕೈಕಾಲಿನ ಬಲ ಕುಂದುವುದು, ಮಾತು ತೊದಲುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮೇಲಿನ ಕೋಣೆಯ ಅಬ್ಲೇಷನ್ ಆಗಿ ಕೆಲವು ವಾರಗಳ ನಂತರ ಜ್ವರ, ನುಂಗುವಾಗ ನೋವು ಬಂದರೂ ತಡಮಾಡಬೇಡಿ. ಅಬ್ಲೇಷನ್‌ನಿಂದ ಅನ್ನನಾಳಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಆದರೆ ಪ್ರಾಣಾಪಾಯ. ಮೊದಲ ಎರಡು ಮೂರು ತಿಂಗಳು ಆಗಾಗ ಡವಡವ ಅನಿಸಿದರೆ ಚಿಕಿತ್ಸೆ ಸೋತಿತೆಂದು ತಿಳಿಯಬೇಕಿಲ್ಲ. ವೈದ್ಯರಿಗೆ ತಿಳಿಸಿದರಾಯಿತು. ಕೆಲವರಿಗೆ ಎರಡನೇ ಸಲ ಮಾಡಬೇಕಾಗುವುದೂ ಉಂಟು.

ಆ ಯುವಕ ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ತಜ್ಞರ ಬಳಿ ಹೋದ. ಪೇಸ್‌ಮೇಕರ್ ಪರೀಕ್ಷೆಯ ದಿನವನ್ನೂ ಅಬ್ಲೇಷನ್‌ನ ದಿನವನ್ನೂ ಒಟ್ಟಿಗೆ ಗೊತ್ತುಮಾಡಿಕೊಂಡು ಬಂದ. ಮೊನ್ನೆ ಅವನ ಉಮ್ಮ ಬಂದು ಕೈ ಚಾಚಿದರು. ನಬ್ಝ್ ನೋಡಿದೆ. ಬಡಿತ ಒಂದೇ ಸಮನೆ ಸಾಗಿತ್ತು, ಅಲ್‌ಹಮ್ದುಲಿಲ್ಲಾಹ್. ನಿಮ್ಮ ಮನೆಯಲ್ಲೂ ಪೇಸ್‌ಮೇಕರ್ ಇರುವ ಹಿರಿಯರಿದ್ದರೆ, ಅವರ ಕಾರ್ಡ್ ಎಲ್ಲಿದೆ ಎಂದು ಇವತ್ತೇ ಹುಡುಕಿ ತೆಗೆದಿಡಿ.