ಅರ್ಧಕ್ಕೆ ನಿಂತ ಆಟದ ನೆನಪು

ಅರ್ಧ ಓದಿದ ಕಾದಂಬರಿಯ ಪುಟದಲ್ಲಿ ನವಿಲುಗರಿಯೊಂದನ್ನಿಟ್ಟು ಕಪಾಟಿಗೆ ಸೇರಿಸಿದರೆ, ಇಪ್ಪತ್ತು ವರ್ಷಗಳ ತರುವಾಯ ತೆರೆದಾಗಲೂ ಗರಿಯು ಅದೇ ಪುಟದಲ್ಲಿರುವುದು. ಗೆದ್ದಲು ಹತ್ತದಿದ್ದರೆ ಸಾಕು, ಬೇರಾವ ಪೋಷಣೆಯೂ ಅದಕ್ಕೆ ಬೇಡ. ಅರ್ಧ ಆಡಿ ಬಿಟ್ಟ ವಿಡಿಯೋ ಆಟದ ಸಂಗತಿ ಹಾಗಲ್ಲ. ಆಟಗಾರನು ಎಲ್ಲಿಯವರೆಗೆ ಬಂದಿದ್ದನೆಂಬ ಗುರುತನ್ನು ಉಳಿಸಿಕೊಳ್ಳಲು ಹಳೆಯ ಕೆಲವು ಆಟಗಳಲ್ಲಿ ವಿದ್ಯುತ್ತು ಹಗಲಿರುಳೂ, ವರ್ಷಾನುವರ್ಷವೂ, ಸಣ್ಣಗೆ ಹರಿಯುತ್ತಲೇ ಇರಬೇಕು. ಹರಿವು ನಿಂತ ದಿನ ಗುರುತೂ ಅಳಿಯಿತು.

ಆಟಕ್ಕೆ ನೆನಪು ಏಕೆ ಬೇಕು ಎಂದು ವಾಚಕರು ಕೇಳಬಹುದು. ನಮ್ಮ ಸೀಮೆಯ ಕಲ್ಯಾಣ, ಅರ್ಥಾತ್ ಇಂದಿನ ಬಸವಕಲ್ಯಾಣ, ಚಾಲುಕ್ಯರ ರಾಜಧಾನಿಯಾಗಿದ್ದಾಗ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಚದುರಂಗ, ದಾಳದಾಟಗಳ ವಿವರಣೆ ಅದರಲ್ಲಿದೆ. ದಾಳಕ್ಕೆ ನೆನಪಿಲ್ಲ, ಹಿಂದಿನ ಎಸೆತದಲ್ಲಿ ಏನು ಬಿದ್ದಿತೆಂಬುದು ಮುಂದಿನ ಎಸೆತಕ್ಕೆ ತಿಳಿಯದು. ನೆನಪೆಲ್ಲ ಹಾಸಿನ ಮೇಲಿರುವ ಕಾಯಿಗಳದು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬುವರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದಾಗ, ದಾಳಗಳ ಜೊತೆಗೆ ಪ್ರತಿಯೊಬ್ಬ ಆಟಗಾರನಿಗೂ ಒಂದು ಪಾತ್ರವನ್ನೂ, ಆ ಪಾತ್ರದ ಬಲಾಬಲಗಳನ್ನು ಬರೆದಿಡುವ ಕ್ರಮವನ್ನೂ ಕೊಟ್ಟರು. ಆಟವು ಒಂದು ಸಂಜೆಗೆ ಮುಗಿಯದೆ ತಿಂಗಳುಗಟ್ಟಲೆ ಬೆಳೆಯತೊಡಗಿತು. ಇಂದಿನ ಪಾತ್ರವಹನದ ವಿಡಿಯೋ ಆಟಗಳೆಲ್ಲ ಈ ವಂಶದವೇ. ವೀರನು ಬಡವನಾಗಿ ಹೊರಟು, ಕಾದಾಡುತ್ತ ಬಲಿಯುವನು. ಅವನ ಅನುಭವವು ಅಳಿದರೆ ಕಥೆಯೇ ಅಳಿದಂತೆ.

1986ರ ಮೇ ತಿಂಗಳಲ್ಲಿ ಜಪಾನಿನಲ್ಲಿ ಹೊರಬಂದ ‘ಡ್ರ್ಯಾಗನ್ ಕ್ವೆಸ್ಟ್’ ಈ ತೊಡಕನ್ನು ಬಿಡಿಸಿಕೊಂಡ ರೀತಿ ಸೊಗಸಾದುದು. ಆಟ ನಿಲ್ಲಿಸುವಾಗ ಯಂತ್ರವು 20 ಅಕ್ಷರಗಳ ಒಂದು ಮಂತ್ರವನ್ನು ತೋರಿಸುತ್ತಿತ್ತು. ಮಕ್ಕಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಮರುದಿನ ತಿರುಗಿ ಒತ್ತಿದರೆ ವೀರನು ಹಿಂದಿನ ಬಲದೊಡನೆ ಎದ್ದು ನಿಲ್ಲುವನು. 64 ಅಕ್ಷರಗಳ ಮಾಲೆಯಿಂದ ಆಯ್ದ ಒಂದೊಂದು ಅಕ್ಷರವೂ 6 ಬಿಟ್‌ಗಳಷ್ಟು ಮಾಹಿತಿಯನ್ನು ಹೊರಬಲ್ಲದು. ಒಟ್ಟು 120 ಬಿಟ್. ವೀರನ ಜೀವನಚರಿತ್ರೆಯೆಲ್ಲ ಅಷ್ಟರಲ್ಲಿ ಅಡಕ! ಒಂದು ಅಕ್ಷರವನ್ನು ತಪ್ಪಾಗಿ ಬರೆದುಕೊಂಡರೆ ಮಾತ್ರ ಯಂತ್ರವು ಗುರುತು ಹಿಡಿಯದು.

ಕಥೆಗಳು ದೊಡ್ಡವಾದಂತೆ ಮಂತ್ರ ಸಾಲದಾಯಿತು. 1987ರ ‘ಫೈನಲ್ ಫ್ಯಾಂಟಸಿ’ಯಂತಹ ಆಟಗಳ ಕಾರ್ಟ್ರಿಜ್‌ನೊಳಗೆ ಒಂದು ಸ್ಮೃತಿಕೋಶವನ್ನೂ, ಅದನ್ನು ಎಚ್ಚರವಾಗಿಡಲು ಗುಂಡಿಯಾಕಾರದ ಬ್ಯಾಟರಿಯನ್ನೂ ಇರಿಸಿದರು. ನಮ್ಮ ಕೈಗೆ ಬಂದುದು ಇದೇ ಜಾತಿಯದು. ಹುಮನಾಬಾದ ಕಡೆಯ ನಮ್ಮ ಊರಾದ ನಿರ್ಣಾಕ್ಕೆ 2001ರಲ್ಲಿ, ಕೊಲ್ಲಿ ನಾಡಿನಲ್ಲಿ ದುಡಿಯುತ್ತಿದ್ದ ಬಂಧುವೊಬ್ಬರು ಗೇಮ್ ಬಾಯ್ ಕಲರ್ ಯಂತ್ರವನ್ನೂ ‘ಪೋಕೆಮಾನ್ ಗೋಲ್ಡ್’ ಎಂಬ ಆಟವನ್ನೂ ತಂದುಕೊಟ್ಟರು. ನಾವೂ ನಮ್ಮ ದೊಡ್ಡಪ್ಪನ ಮಗನೂ ಸೇರಿ ಎರಡು ಬೇಸಗೆ ರಜೆಗಳನ್ನು ಅದಕ್ಕೆ ಧಾರೆಯೆರೆದೆವು. ಬೆಂಕಿಯುಗುಳುವ ನಮ್ಮ ಪ್ರಾಣಿಗೆ ‘ಕಲ್ಯಾಣಿ’ ಎಂದು ಹೆಸರಿಟ್ಟಿದ್ದೆವು. ಎಂಟನೆಯ ಮಲ್ಲಶಾಲೆಯ ಒಡತಿ ಕ್ಲೇರ್‌ಳನ್ನು ಗೆಲ್ಲಲಾಗದೆ ಆಟ ನಿಂತಿತು. ಅಷ್ಟರಲ್ಲಿ ಅಣ್ಣನೂ ನಾವೂ ಓದಿಗೆಂದು ಬೇರೆ ಬೇರೆ ಊರುಗಳ ವಸತಿಗೃಹ ಸೇರಿದೆವು. ಯಂತ್ರವು ತಗಡಿನ ಪೆಟ್ಟಿಗೆಯಲ್ಲಿ ಅಟ್ಟ ಏರಿತು.

ಆ ಕಾರ್ಟ್ರಿಜ್‌ನ ಸ್ಮೃತಿ 32 ಕಿಲೋಬೈಟ್, ಎಂದರೆ 2,62,144 ಬಿಟ್. ಇದನ್ನೆಲ್ಲ ಹಿಂದೆ ಹೇಳಿದ ಮಂತ್ರದ ಅಕ್ಷರಗಳಲ್ಲಿ ಬರೆಯಹೊರಟರೆ 43 ಸಾವಿರಕ್ಕೂ ಹೆಚ್ಚು ಅಕ್ಷರಗಳಾಗುವುವು. ಯಾವ ಮಗು ಬರೆದುಕೊಂಡೀತು? ಇಂತಹ ಸ್ಮೃತಿಯಲ್ಲಿ ಒಂದೊಂದು ಬಿಟ್‌ಗೂ ಸಾಮಾನ್ಯವಾಗಿ ಆರು ಟ್ರಾನ್ಸಿಸ್ಟರುಗಳ ಒಂದು ಗುಂಪು. ಅದರ ಎರಡು ಪಕ್ಷಗಳು ಒಂದನ್ನೊಂದು ಒತ್ತಿ ಹಿಡಿದಿರುವುವು: ಇತ್ತ ‘ಒಂದು’ ಇದ್ದರೆ ಅತ್ತ ‘ಸೊನ್ನೆ’. ಸ್ಥಿತಿಯನ್ನು ಬದಲಿಸುವಾಗ ಮಾತ್ರ ಗಣನೀಯವಾದ ಪ್ರವಾಹ ಬೇಕು. ಸುಮ್ಮನಿರುವಾಗ ಸೋರಿಕೆಯಷ್ಟೇ. ಆದರೆ ಒತ್ತಿ ಹಿಡಿಯುವ ವೋಲ್ಟೇಜು ತೀರ ಇಳಿದರೆ ಎರಡು ಪಕ್ಷಗಳೂ ಕೈಬಿಡುವುವು.

ಬ್ಯಾಟರಿಯು ಸಿಆರ್ 2025 ಎಂಬ ಜಾತಿಯದು. ಹೆಸರಿನಲ್ಲಿಯೇ ಅಳತೆ ಇದೆ: ವ್ಯಾಸ 20 ಮಿಲಿಮೀಟರ್, ದಪ್ಪ 2.5 ಮಿಲಿಮೀಟರ್. ಒಳಗೆ ಲಿಥಿಯಮ್ ಮತ್ತು ಮ್ಯಾಂಗನೀಸ್ ಡೈ ಆಕ್ಸೈಡ್, ವೋಲ್ಟೇಜು 3, ಸಾಮರ್ಥ್ಯ ಸುಮಾರು 160 ಮಿಲಿ ಆಂಪಿಯರ್ ಗಂಟೆ. ಹತ್ತು ವರ್ಷಗಳಲ್ಲಿ 87,600 ಗಂಟೆಗಳಿವೆ. ಭಾಗಿಸಿ ನೋಡಿದರೆ, ಅದು ಹತ್ತು ವರ್ಷ ಬಾಳಬೇಕಾದರೆ ಪ್ರವಾಹವು 1.8 ಮೈಕ್ರೋ ಆಂಪಿಯರಿಗಿಂತ ಮೀರಕೂಡದು. ಕೈದೀಪವೊಂದು ಕುಡಿಯುವುದರ ಲಕ್ಷಾಂಶಕ್ಕೆ ಸಮೀಪದ ಪ್ರಮಾಣ ಅದು.

ಈ ಆಟದಲ್ಲಿ ಇನ್ನೊಂದು ಬಾಯಿಯೂ ಉಂಟು. ಹೊರಗೆ ಕತ್ತಲಾದರೆ ಆಟದೊಳಗೂ ಕತ್ತಲಾಗುವುದು. ಅದಕ್ಕಾಗಿ ಒಂದು ಸ್ಫಟಿಕ ಗಡಿಯಾರ. ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಾರಿ ಕಂಪಿಸುವುದು. ಈ ವಿಚಿತ್ರ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧಿಸಿರಿ, ಸರಿಯಾಗಿ ಒಂದು ಉಳಿಯುವುದು. ಗೋಡೆ ಗಡಿಯಾರಗಳಲ್ಲಿಯೂ ಇದೇ ಉಪಾಯ. ನಿರ್ಣಾದ ಅಟ್ಟದ ಮೇಲೆ ನೋಡುವವರಿಲ್ಲದೆ ಆ ಗಡಿಯಾರವು ಎಣಿಸುತ್ತಲೇ ಇತ್ತು. ಅದರ ದಿನಗಳ ಲೆಕ್ಕ 511ಕ್ಕೆ ಮುಗಿದು ಮತ್ತೆ ಸೊನ್ನೆಯಾಗುವುದರಿಂದ, ವರ್ಷಗಳೆಷ್ಟು ಕಳೆದುವೆಂಬುದು ಅದಕ್ಕೂ ತಿಳಿಯದು. ಎಣಿಸುವ ಈ ದುಡಿಮೆಯೇ ಬ್ಯಾಟರಿಯ ಆಯುಸ್ಸನ್ನು ಕಡಿಮೆ ಮಾಡುವುದು.

ಅಟ್ಟದ ಸೆಕೆಯೂ ಪಾಲುಗಾರನೇ. ನಮ್ಮ ಕಡೆ ಬೇಸಗೆಯ ಮಧ್ಯಾಹ್ನ 40 ಡಿಗ್ರಿ ಮುಟ್ಟುವುದುಂಟು. ತಗಡಿನ ಮಾಡಿನ ಕೆಳಗೆ ಇನ್ನೂ ಹೆಚ್ಚು. ಉಷ್ಣತೆಯು 10 ಡಿಗ್ರಿ ಏರಿದರೆ ಅರೆವಾಹಕದ ಸೋರಿಕೆ ಹೆಚ್ಚು ಕಡಿಮೆ ಇಮ್ಮಡಿಯಾಗುವುದೆಂಬುದು ಸ್ಥೂಲ ನಿಯಮ.

2024ರಲ್ಲಿ ಪೆಟ್ಟಿಗೆಯನ್ನು ಇಳಿಸಿದಾಗ ನಮಗಿದ್ದ ಕುತೂಹಲ ಒಂದೇ: ಕಲ್ಯಾಣಿ ಇದ್ದಾಳೆಯೆ? ಯಂತ್ರವು ಬೆಳಗಿತು, ಹಳೆಯ ರಾಗವೂ ಕೇಳಿಸಿತು. ಆಟದ ಕಥೆ, ಚಿತ್ರಗಳೆಲ್ಲ ಬ್ಯಾಟರಿಯ ಹಂಗಿಲ್ಲದ ಸ್ಥಿರ ಸ್ಮೃತಿಯಲ್ಲಿ ಇರುವುವಷ್ಟೆ. ಆದರೆ ‘ಮುಂದುವರಿಸು’ ಎಂಬ ಸಾಲು ಕಾಣಲಿಲ್ಲ. ಬ್ಯಾಟರಿಯನ್ನು ಅಳೆದರೆ ಒಂದು ವೋಲ್ಟೂ ಇರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಅಣ್ಣನ ಕೈಬರಹದ ನೋಟ್ ಪುಸ್ತಕವೊಂದು ಸಿಕ್ಕಿತು. ಯಾವ ಊರಿನಲ್ಲಿ ಏನು ದೊರೆಯಿತು, ಕಲ್ಯಾಣಿಯ ಮಟ್ಟವೆಷ್ಟು ಎಂಬುದೆಲ್ಲ ಅದರಲ್ಲಿದ್ದಿತು. ಶಾಯಿ ಸ್ವಲ್ಪ ಕಂದಿತ್ತು, ಅಷ್ಟೇ.

ಹೊಸ ಬ್ಯಾಟರಿ ಹಾಕಿಸಿದೆವು. (ಲಿಥಿಯಮ್ ಬ್ಯಾಟರಿಗೆ ನೇರವಾಗಿ ಬೆಸುಗೆ ಕಾಯಿಸುವುದು ಅಪಾಯಕರ. ಕಿವಿಪಟ್ಟಿಯಿರುವ ಬ್ಯಾಟರಿಯನ್ನೇ ಕೊಂಡು, ಬಲ್ಲವರಿಂದ ಕೂಡಿಸಬೇಕು.) ನೋಟ್ ಪುಸ್ತಕವನ್ನು ಮುಂದಿಟ್ಟುಕೊಂಡು ಮೊದಲಿನಿಂದ ಆಡಿದೆವು, ಹೆಸರೂ ಅದೇ, ದಾರಿಯೂ ಅದೇ. ಕ್ಲೇರ್‌ಳ ಮುಂದೆ ನಿಂತಾಗ ಹುಡುಗರಿಬ್ಬರು ಸೋತುದೇಕೆಂಬುದು ತಿಳಿಯಿತು. ಅವಳ ಕಿಂಗ್‌ಡ್ರಾ ಎಂಬ ಪ್ರಾಣಿ ನೀರಿನದೂ ಹೌದು, ಘಟಸರ್ಪದ ಕುಲದ್ದೂ ಹೌದು. ಬೆಂಕಿಯ ಪೆಟ್ಟನ್ನು ನೀರು ಅರ್ಧಕ್ಕಿಳಿಸುವುದು, ಘಟಸರ್ಪ ಮತ್ತೆ ಅರ್ಧಕ್ಕಿಳಿಸುವುದು. ತಾಗುವುದು ಕಾಲು ಪಾಲು. ವಿದ್ಯುತ್ತಿನ ಪೆಟ್ಟಾದರೋ ನೀರಿನಿಂದ ಇಮ್ಮಡಿಯಾಗಿ, ಘಟಸರ್ಪದಿಂದ ಅರ್ಧವಾಗಿ, ಇದ್ದಷ್ಟೇ ಉಳಿಯುವುದು. ಬೆಂಕಿಯೊಂದನ್ನೇ ನಂಬಿದ್ದ ಹುಡುಗರು ನಾಲ್ಕು ಪಟ್ಟು ಹೆಚ್ಚು ಹೊಡೆಯಬೇಕಾಗಿತ್ತು. ಕೇವಲ ಗುಣಾಕಾರ!

ಆ ಬಾಗಿಲು ತೆರೆದ ಮೇಲೆ ಕಥೆ ಮುಗಿಯುವುದೆಂದು ಎಣಿಸಿದ್ದೆವು. ಮಹಾಮಲ್ಲ ಲ್ಯಾನ್ಸ್‌ನನ್ನು ಗೆದ್ದ ತರುವಾಯ ಹಿಂದಿನ ಆಟದ ನಾಡೇ ಇನ್ನೊಮ್ಮೆ ತೆರೆದು, ಮತ್ತೆ ಎಂಟು ಪದಕಗಳ ಪ್ರಯಾಣ. ಕಡೆಗೆ ಸಿಲ್ವರ್ ಪರ್ವತದ ಗುಹೆಯಲ್ಲಿ ರೆಡ್ ಎಂಬ ಹುಡುಗ ಒಬ್ಬನೇ ನಿಂತಿರುವನು. ಅವನು ಹಿಂದಿನ ಆಟದ ನಾಯಕ. ಬಾಯಿ ತೆರೆದರೆ ಬರುವುದು ಚುಕ್ಕಿಗಳ ಸಾಲು ಮಾತ್ರ. 2025ರ ಏಪ್ರಿಲ್ ತಿಂಗಳ ಒಂದು ರಾತ್ರಿ, ಊರಿನಲ್ಲಿ ವಿದ್ಯುತ್ತು ಹೋಗಿದ್ದಾಗ, ಅವನ 81ನೆಯ ಮಟ್ಟದ ಪಿಕಾಚುವನ್ನೂ ಮಿಕ್ಕವರನ್ನೂ ಕಲ್ಯಾಣಿ ಮತ್ತವಳ ಸಂಗಡಿಗರು ಸೋಲಿಸಿದರು. ಯಂತ್ರಕ್ಕೆ ಬೇಕಾದುದು ಎರಡು ಸಣ್ಣ ಬ್ಯಾಟರಿಗಳಷ್ಟೆ. ಕತ್ತಲೆಯಿಂದ ಬಂದ ತೊಂದರೆಯೆಂದರೆ ಪರದೆಗೆ ಸ್ವಂತ ಬೆಳಕಿಲ್ಲದಿರುವುದು. ಲಾಂದ್ರದ ಬೆಳಕಿನಲ್ಲಿ ವಾರೆಯಾಗಿ ಹಿಡಿದು ಆಡಿದೆವು. ರೆಡ್ ಏನನ್ನೂ ಹೇಳದೆ ಮರೆಯಾದನು.

ಇಂದಿನ ಆಟಗಳು ಗುರುತನ್ನು ಫ್ಲ್ಯಾಶ್ ಸ್ಮೃತಿಯಲ್ಲಿ ಇಡುವುವು. ಅಲ್ಲಿ ಎಲೆಕ್ಟ್ರಾನುಗಳನ್ನು ಅವಾಹಕದ ಗೋಡೆಗಳ ನಡುವೆ ಕೂಡಿಹಾಕಿರುವುದರಿಂದ ಬ್ಯಾಟರಿ ಬೇಡ. ಆದರೂ ಕೆಲವು ಎಲೆಕ್ಟ್ರಾನುಗಳು ವರ್ಷಗಳಲ್ಲಿ ಗೋಡೆ ತೂರಿ ನುಸುಳುವುವು, ಸೆಕೆಯಲ್ಲಿ ಬೇಗ. ಆದುದರಿಂದ ನಾವು ಕಾರ್ಟ್ರಿಜ್‌ನ 32 ಕಿಲೋಬೈಟುಗಳನ್ನು ಓದುಗ ಯಂತ್ರದಿಂದ ಗಣಕಕ್ಕೆ ನಕಲು ಮಾಡಿ, ಒಂದು ಪ್ರತಿಯನ್ನು ಅಣ್ಣನಿಗೂ ಕಳುಹಿಸಿದೆವು. ಹೊಸ ಬ್ಯಾಟರಿಯ ತಾರೀಕನ್ನು ಅವನ ನೋಟ್ ಪುಸ್ತಕದಲ್ಲಿ ಬರೆದಿದೆ. ಪ್ರವಾಹ 2 ಮೈಕ್ರೋ ಆಂಪಿಯರೆಂದು ಹಿಡಿದರೆ 80,000 ಗಂಟೆ, ಒಂಬತ್ತು ವರ್ಷಕ್ಕೆ ಸ್ವಲ್ಪ ಹೆಚ್ಚು. 2033ರಲ್ಲಿ ಒಮ್ಮೆ ಬಿಚ್ಚಿ ಅಳೆಯಬೇಕು. ಪೆಟ್ಟಿಗೆಯು ಈಗ ಅಟ್ಟದ ಮೇಲಿಲ್ಲ, ಕೆಳಗಿನ ಕೋಣೆಯ ಗೋಡೆಗೂಡಿನಲ್ಲಿದೆ.