ವೀಸಾ ಸಿಕ್ಕ ಮೇಲಿನ ತಳಮಳ: ತಪ್ಪು ಕಲ್ಪನೆ ಮತ್ತು ಸತ್ಯ

ಹೈದರಾಬಾದಿನ ಹೊರವಲಯದ ಚಿಲ್ಕೂರು ಬಾಲಾಜಿಗೆ ‘ವೀಸಾ ಬಾಲಾಜಿ’ ಎಂದೇ ಹೆಸರು. ಹರಕೆ ಹೊತ್ತು 11 ಪ್ರದಕ್ಷಿಣೆ, ಫಲಿಸಿದರೆ 108. ನಾನಕ್‌ರಾಮ್‌ಗುಡದ ಅಮೆರಿಕ ಕಾನ್ಸುಲೇಟ್‌ನಲ್ಲಿ ವೀಸಾ ಸಿಕ್ಕಿತೆಂದರೆ ಮನೆಮಂದಿಗೆಲ್ಲ ನಿರಾಳ. ಆದರೆ ಓದಲು ಹೋದ ಮಕ್ಕಳಿಗೆ ಅಮೆರಿಕದಲ್ಲಿ ಇಳಿದ ಮೇಲೆ ಆಗುವ ತಳಮಳದ ಬಗ್ಗೆ ತಿಳಿದಿರುವುದಕ್ಕಿಂತ ತಪ್ಪು ತಿಳಿದಿರುವುದೇ ಹೆಚ್ಚು.

ತಪ್ಪು ಕಲ್ಪನೆ: ಹೈದರಾಬಾದಿನದೇ ಕಾಚಿಗುಡದ ಕನ್ನಡ ಮನೆಯ ಮಕ್ಕಳಿಗೆ ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ, ಕ್ಲಾಸಿನಲ್ಲಿ ಇಂಗ್ಲಿಷ್. ಅವರಿಗೆಲ್ಲಿಯ ಕಷ್ಟ?

ಸತ್ಯ: ಹಲವು ಭಾಷೆಗಳ ಆ ರೂಢಿ ನೆರವಾಗುತ್ತದೆ, ನಿಜ. ಆದರೆ ಅದು ಬಾಲ್ಯದಿಂದ ತಾನಾಗಿ ಬಂದದ್ದು. ಅಮೆರಿಕದಲ್ಲಾದರೋ ಎಷ್ಟೋ ಕಡೆ ಪ್ರೊಫೆಸರ್‌ಗಳನ್ನು ಹೆಸರು ಹಿಡಿದು ಕರೆಯುವುದು, ಅವರ ಮಾತನ್ನು ಪ್ರಶ್ನಿಸುವುದು, ಆಕರ ಹೇಳದೆ ಬೇರೆಯವರ ಒಂದು ಸಾಲನ್ನೂ ಬಳಸದಿರುವುದು, ಎಲ್ಲವನ್ನೂ ಒಟ್ಟಿಗೆ ಕಲಿಯಬೇಕು. ಹೊಸ ಸಂಸ್ಕೃತಿಯಲ್ಲಾಗುವ ಈ ತಳಮಳದ, ಅಂದರೆ ‘ಕಲ್ಚರ್ ಶಾಕ್’ನ ಕುರಿತು 1954ರಲ್ಲಿ ಉಪನ್ಯಾಸ ನೀಡಿದ ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್ ಕೊಟ್ಟ ಕಾರಣವೂ ಇದೇ: ಒಡನಾಟದ ಪರಿಚಿತ ಸುಳಿವುಗಳೆಲ್ಲ ಒಮ್ಮೆಗೇ ಇಲ್ಲವಾಗುವುದು.

ತಪ್ಪು ಕಲ್ಪನೆ: ಮೊದಲು ಸಂಭ್ರಮ, ನಂತರ ಬೇಸರ, ಆಮೇಲೆ ಎಲ್ಲ ಸರಿಹೋಗುತ್ತದೆ.

ಸತ್ಯ: ಅಮೆರಿಕಕ್ಕೆ ಹೋಗಿಬಂದ ನಾರ್ವೆಯವರನ್ನು ಕುರಿತ 1955ರ ಅಧ್ಯಯನದಿಂದ ಈ ಚಿತ್ರ ಬಳಕೆಗೆ ಬಂತು. ಆದರೆ ನ್ಯೂಜಿಲೆಂಡ್‌ನಲ್ಲಿದ್ದ ಜಪಾನಿ ವಿದ್ಯಾರ್ಥಿಗಳ ಬಗ್ಗೆ 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೋದ ಹೊಸತರಲ್ಲೇ ಸಂಕಟ ಹೆಚ್ಚೆಂದು ಕಂಡುಬಂತು. ಮೊದಲ ವಾರವೇ ಅಳು ಬಂದರೆ ಅದು ಅಸಹಜವಲ್ಲ.

ತಪ್ಪು ಕಲ್ಪನೆ: ಕಷ್ಟವಾಗುತ್ತಿದೆ ಎಂದು ಕಾಲೇಜಿನಲ್ಲಿ ಹೇಳಿಕೊಂಡರೆ ವೀಸಾಕ್ಕೇ ಕುತ್ತು.

ಸತ್ಯ: ಕೌನ್ಸೆಲಿಂಗ್ ಪಡೆದ ಮಾತ್ರಕ್ಕೆ ವೀಸಾಕ್ಕೆ ಧಕ್ಕೆಯಿಲ್ಲ. ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾದ ನಿಯಮವೇ ಈ ಕಷ್ಟವನ್ನು ಗುರುತಿಸಿದೆ. ಆರಂಭದಲ್ಲಿ ಇಂಗ್ಲಿಷ್ ತೊಡಕಾದರೆ, ಅಲ್ಲಿನ ಬೋಧನಾ ಕ್ರಮ ಒಗ್ಗದಿದ್ದರೆ ಒಂದು ಅವಧಿಗೆ ಕಡಿಮೆ ವಿಷಯ ಓದಲು ಅನುಮತಿ ಕೇಳಬಹುದು. ವೈದ್ಯರ ಪತ್ರವಿದ್ದರೆ ಅನಾರೋಗ್ಯದ ಕಾರಣಕ್ಕೂ ಉಂಟು. ಆದರೆ ಮುಂಚಿತವಾಗಿ ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ವಿಷಯ ನೋಡಿಕೊಳ್ಳುವ ಅಧಿಕಾರಿಯ (ಡಿಎಸ್‌ಒ) ಒಪ್ಪಿಗೆ ಬೇಕೇ ಬೇಕು. ಹೇಳದೆ ಕೇಳದೆ ಕ್ಲಾಸು ಬಿಡುವುದೇ ನಿಜವಾದ ಅಪಾಯ.

ತಪ್ಪು ಕಲ್ಪನೆ: ನಮ್ಮವರ ಜೊತೆ ಬೆರೆತರೆ ಆ ದೇಶಕ್ಕೆ ಹೊಂದಿಕೊಳ್ಳಲು ಆಗುವುದಿಲ್ಲ.

ಸತ್ಯ: ಕನ್ನಡ, ತೆಲುಗು ಗೆಳೆಯರು ಮನಸ್ಸಿಗೆ ಆಸರೆ. ಸ್ಥಳೀಯರ ಒಡನಾಟ ಅಲ್ಲಿನ ರೀತಿ ನೀತಿ ಕಲಿಸುತ್ತದೆ. ಎರಡೂ ಬೇಕು.

ಲಕ್ಷಗಟ್ಟಲೆ ಸಾಲ ಮಾಡಿ ಕಳಿಸಿದ್ದಾರಲ್ಲ ಎಂಬ ಅಳುಕಿನಿಂದಲೇ ಎಷ್ಟೋ ಮಕ್ಕಳು ಫೋನಿನಲ್ಲಿ ‘ಚೆನ್ನಾಗಿದ್ದೇನಮ್ಮ’ ಎನ್ನುತ್ತಾರೆ. ವಿಮಾನ ಹತ್ತಿಸುವ ಮೊದಲೇ ಅವರಿಗೆ ಬಿಡಿಸಿ ಹೇಳಿ: ಸಾಲದ ಚಿಂತೆ ನಮಗಿರಲಿ, ತಡೆಯಲಾಗದಿದ್ದರೆ ಮೊದಲು ನಮಗೆ ಹೇಳು.